ಪ್ರಯೋಗಾಲಯದಿಂದ ನಾಯಕತ್ವ ತರಬೇತಿಯತ್ತ: ದಾರಿ ಹೀಗಿದೆ

ವರ್ಷಗಟ್ಟಲೆ ಪ್ರಯೋಗಾಲಯದಲ್ಲಿ ದುಡಿದವರು ನಾಯಕತ್ವ ತರಬೇತಿ, ಸಲಹೆಯ ವೃತ್ತಿಗೆ ಬರಲು ಮನಸ್ಸು ಮಾಡಿದಾಗ ಮೊದಲು ಹುಡುಕುವುದು ಪ್ರಮಾಣಪತ್ರದ ಕೋರ್ಸನ್ನು. ಅದಕ್ಕಿಂತ ಮೊದಲು ಕಲಿಯುವವರನ್ನು ಹುಡುಕಿ.

ಅವರು ದೂರದಲ್ಲಿಲ್ಲ. ಕೋಲಾರ ಜಿಲ್ಲೆಯ ನರಸಾಪುರ, ವೇಮಗಲ್, ತುಮಕೂರಿನ ವಸಂತನರಸಾಪುರದ ಕಾರ್ಖಾನೆಗಳಲ್ಲಿ ಯಂತ್ರವನ್ನು ಚೆನ್ನಾಗಿ ನಡೆಸುವವರಿಗೇ ಮೇಲ್ವಿಚಾರಕರ ಹುದ್ದೆ ಸಿಗುವುದು ವಾಡಿಕೆ. ನಿನ್ನೆಯವರೆಗೆ ಜತೆಯಲ್ಲಿ ಕೂತು ಉಂಡವರಿಗೆ ಇಂದು ತಪ್ಪು ತೋರಿಸಬೇಕು; ಹೇಗೆಂದು ಯಾರೂ ಕಲಿಸಿರುವುದಿಲ್ಲ. ಪ್ರಯೋಗದಲ್ಲಿ ನಿಪುಣರೆಂದು ತಂಡದ ಮುಖ್ಯಸ್ಥರಾಗಿ, ಕಿರಿಯರ ವರದಿಗಳನ್ನೆಲ್ಲ ತಾವೇ ತಿದ್ದುತ್ತ ರಾತ್ರಿ ಕಳೆದ ವಿಜ್ಞಾನಿಗೆ ಈ ಕಷ್ಟ ಹೊಸದಲ್ಲ. ನಿಮ್ಮ ಬಂಡವಾಳ ಅಲ್ಲಿದೆ.

ಮೊದಲ ಹೆಜ್ಜೆಯನ್ನು ನೌಕರಿಯಲ್ಲಿದ್ದಾಗಲೇ ಇಡಿ. ನಿಮ್ಮ ವಿಭಾಗದ ಕಿರಿಯರಿಗೆ ತಿಂಗಳಿಗೊಂದು ತರಗತಿ ನಡೆಸಿ. ಹೊರಗೆ ಸಂಭಾವನೆ ಪಡೆಯುವ ಮುನ್ನ ಸರ್ಕಾರಿ ಸಂಸ್ಥೆಯವರು ಅನುಮತಿ ಪಡೆಯಬೇಕು. ಖಾಸಗಿಯವರು ನೇಮಕಾತಿ ಪತ್ರದ ಷರತ್ತುಗಳನ್ನು ಓದಬೇಕು.

ಒಬ್ಬೊಬ್ಬರೊಡನೆ ಕೂತು ಮಾರ್ಗದರ್ಶನ ಮಾಡುವ ಕೋಚಿಂಗ್ ನಿಮ್ಮ ಗುರಿಯಾದರೆ ಕೋಚಿಂಗ್ ಮಾಡುವವರ ಅಂತರರಾಷ್ಟ್ರೀಯ ಒಕ್ಕೂಟವಾದ ಐಸಿಎಫ್‌ನ ಮೊದಲ ಹಂತದ ಮಾನ್ಯತೆ ಉಪಯುಕ್ತ. ಅದಕ್ಕೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ತರಗತಿ ನಡೆಸುವವರು ಅದಕ್ಕಾಗಿ ಕಾಯಬೇಕಿಲ್ಲ.

ಮುಂದಿನ ಹೆಜ್ಜೆಗೆ ಹೆಚ್ಚು ಸಮಯ ಕೊಡಿ. ‘ನಮ್ಮ ಹುಡುಗರಿಗೆ ನಾಯಕತ್ವ ಹೇಳಿಕೊಡಿ’ ಎಂದು ಕರೆದವರಿಗೆ ಕೂಡಲೇ ಒಪ್ಪಿಗೆ ಕೊಡಬೇಡಿ. ಒಂದು ದಿನ ಅಲ್ಲಿಗೆ ಹೋಗಿ ನೋಡಿ. ಪಾಳಿ ಬದಲಾಗುವಾಗ ಯಾರು ಯಾರಿಗೆ ಏನು ಹೇಳುತ್ತಾರೆ, ತಪ್ಪಾದಾಗ ಮೊದಲು ಯಾರ ಹೆಸರು ಕೇಳಿಬರುತ್ತದೆ, ಸಭೆಯಲ್ಲಿ ಯಾರು ಬಾಯಿಬಿಡುವುದೇ ಇಲ್ಲ ಎಂಬುದನ್ನು ಬರೆದುಕೊಳ್ಳಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಡಾ. ಎಚ್. ನರಸಿಂಹಯ್ಯನವರು ಪರಮಾಣು ಭೌತವಿಜ್ಞಾನ ಓದಿ, ಮುಂದೆ ಪ್ರಾಂಶುಪಾಲರೂ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯೂ ಆದರು. ಆಡಳಿತಕ್ಕೆ ಬಂದಮೇಲೂ ಪ್ರಶ್ನೆ ಕೇಳುವುದನ್ನು ಬಿಡಲಿಲ್ಲ. ನೀವೂ ಬಿಡಬೇಡಿ.

ನೋಡಿದ್ದರಲ್ಲಿ ಒಂದೇ ಸಮಸ್ಯೆಯನ್ನು ಆರಿಸಿ. ಶೀತಲ ಘಟಕದ ಉಷ್ಣತೆಯನ್ನು ತಂತ್ರಜ್ಞರು ಹೊತ್ತಿಗೆ ಸರಿಯಾಗಿ ದಾಖಲಿಸಿಲ್ಲ ಎನ್ನೋಣ. ಮೇಲ್ವಿಚಾರಕರು ಹೇಗೆ ಮಾತು ತೆಗೆಯಬೇಕು? ಇಬ್ಬರನ್ನು ಎದುರುಬದುರು ಕೂರಿಸಿ ಆಡಿಸಿ, ಪಾತ್ರ ಬದಲಿಸಿ ಮತ್ತೊಮ್ಮೆ ಆಡಿಸಿ. ‘ನಿಮಗೆ ಜವಾಬ್ದಾರಿ ಇಲ್ಲ’ ಎಂದಾಗ ಎದುರಿನವರ ಮುಖ ಹೇಗಾಯಿತು, ‘ಎರಡು ಗಂಟೆಯ ದಾಖಲೆ ಖಾಲಿ ಇದೆ, ಏನಾಯಿತು?’ ಎಂದಾಗ ಏನು ಉತ್ತರ ಬಂತು ಎಂದು ಅವರೇ ಹೇಳಲಿ. ಇದನ್ನು ಕನ್ನಡದಲ್ಲೇ ನಡೆಸಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ತೆಲುಗು ಬಂದರೆ ಇನ್ನೂ ಒಳ್ಳೆಯದು. ಮನೆಮಾತಿನಲ್ಲಿ ಬೈಯುವವರಿಗೆ ಇಂಗ್ಲಿಷ್ ಸ್ಲೈಡಿನಲ್ಲಿ ಸಮಾಧಾನ ಕಲಿಸಲಾಗದು.

ಫಲಿತಾಂಶ ಅಳೆಯುವುದರಲ್ಲಿ ವಿಜ್ಞಾನಿಗೆ ಎಲ್ಲರಿಗಿಂತ ಹೆಚ್ಚಿನ ಅನುಕೂಲವಿದೆ. ತರಬೇತಿಯ ಫಲ ಅಳೆಯಲು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮುಂದಿಟ್ಟ ಕ್ರಮದಲ್ಲಿ ನಾಲ್ಕು ಹಂತಗಳಿವೆ: ಮೆಚ್ಚಿದರೇ, ಕಲಿತರೇ, ನಡವಳಿಕೆ ಬದಲಾಯಿತೇ, ಕೆಲಸದ ಫಲಿತಾಂಶ ಸುಧಾರಿಸಿತೇ. ಅಭಿಪ್ರಾಯದ ನಮೂನೆ ತುಂಬಿಸಿಕೊಂಡು ಹೊರಟರೆ ಮೊದಲ ಹಂತವಷ್ಟೇ ಮುಗಿದಂತೆ. ಎರಡು ತಿಂಗಳ ನಂತರ ಹೋಗಿ ಅದೇ ದಾಖಲೆ ಪುಸ್ತಕ ತೆರೆದು ನೋಡಿ, ಆ ಭೇಟಿಯನ್ನೂ ಒಪ್ಪಂದದಲ್ಲಿ ಸೇರಿಸಿ.

ಕಾರ್ಖಾನೆಗಳಾಚೆಗೂ ಕೆಲಸವಿದೆ. ರೈತರೇ ಸದಸ್ಯರಾಗಿರುವ ರೈತ ಉತ್ಪಾದಕ ಕಂಪನಿಗಳಿಗೆ ಕನಿಷ್ಠ ಐವರು ನಿರ್ದೇಶಕರಿರಬೇಕೆಂಬುದು ಕಾನೂನು. ಸಭೆ ನಡೆಸುವುದು, ಲೆಕ್ಕ ಕೇಳುವುದು, ಭಿನ್ನಾಭಿಪ್ರಾಯ ನಿಭಾಯಿಸುವುದು ಅವರಲ್ಲಿ ಅನೇಕರಿಗೆ ಹೊಸತು. ಇಲ್ಲಿ ಶುಲ್ಕ ಕಡಿಮೆ, ಕಲಿಕೆ ಅಪಾರ.

ಶುಲ್ಕವನ್ನು ತಯಾರಿಯ ದಿನಗಳನ್ನೂ ಸೇರಿಸಿ ನಿಗದಿ ಮಾಡಿ. ಕಂಪನಿಗಳು ಸಾಮಾನ್ಯವಾಗಿ ವೃತ್ತಿಪರ ಶುಲ್ಕದ ಶೇ 10ರಷ್ಟನ್ನು ತೆರಿಗೆಯಾಗಿ ಮುರಿದುಕೊಳ್ಳುತ್ತವೆ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು.

ರಾಜೀನಾಮೆ ಯಾವಾಗ? ಹಣ ಕೊಟ್ಟು ಕರೆಸಿದ ಸಂಸ್ಥೆಯೇ ಎರಡನೆಯ ಬಾರಿ ಕರೆದ ಮೇಲೆ. ಅದಕ್ಕೂ ಮೊದಲು ಕುಟುಂಬಕ್ಕೆ ಸ್ವಂತ ಆರೋಗ್ಯ ವಿಮೆ ಮಾಡಿಸಿ. ಕಂಪನಿಯ ವಿಮೆ ನೌಕರಿಯೊಂದಿಗೇ ಮುಗಿಯುತ್ತದೆ. ಈಗಾಗಲೇ ಇರುವ ಕಾಯಿಲೆಗಳಿಗೆ ಹೊಸ ಪಾಲಿಸಿಯಲ್ಲಿ ಕಾಯುವ ಅವಧಿ ಇರುತ್ತದೆ.