ಸಪ್ಲಿಮೆಂಟ್ ಡಬ್ಬಿಯ ಹಿಂಬದಿಯನ್ನು ಓದುವ ಬಗೆ

ಮುಂಬೈಯ ಮಾಟುಂಗಾದ ಯಾವ ಮೆಡಿಕಲ್ ಅಂಗಡಿಗೆ ಹೋದರೂ ಜ್ವರದ ಮಾತ್ರೆ, ಮಲ್ಟಿವಿಟಮಿನ್, ಮೀನೆಣ್ಣೆಯ ಕ್ಯಾಪ್ಸೂಲ್ ಮೂರೂ ಒಂದೇ ಬಿಲ್ಲಿನಲ್ಲಿ ನಮ್ಮ ಕೈಗೆ ಬರುತ್ತವೆ. ಕಾನೂನಿನ ಕಣ್ಣಿಗೆ ಮಾತ್ರ ಅವು ಒಂದೇ ಅಲ್ಲ. ಜ್ವರದ ಮಾತ್ರೆಯು 1940ರ ಔಷಧ ಕಾಯ್ದೆಗೆ ಒಳಪಟ್ಟರೆ, ಹೆಲ್ತ್ ಸಪ್ಲಿಮೆಂಟ್ ಎಂದು ಮಾರುವ ವಸ್ತುವು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ಆಹಾರವೆನಿಸುತ್ತದೆ. ಅದು ರೋಗವನ್ನು ಗುಣಪಡಿಸುತ್ತದೆಯೇ ಎಂದು ಹೊಸ ಔಷಧವನ್ನು ಪರೀಕ್ಷಿಸುವಂತೆ ಯಾರೂ ಪರೀಕ್ಷಿಸಿರುವುದಿಲ್ಲ. ಹಾಗೆಂದು ಹೇಳಿಕೊಳ್ಳಲು ತಯಾರಕರಿಗೆ ಅನುಮತಿಯೂ ಇಲ್ಲ. ಆದ್ದರಿಂದ ಸಕ್ಕರೆ ಕಾಯಿಲೆ ಬುಡಸಮೇತ ವಾಸಿಯಾಗುತ್ತದೆ ಎಂದು ಬರೆದ ಡಬ್ಬಿಯನ್ನು ಮರುಮಾತಿಲ್ಲದೆ ಹಿಂದಿರುಗಿಸಬೇಕು.

ಮೊದಲು ಹುಡುಕಬೇಕಾದದ್ದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಗುರುತಿನ ಜೊತೆಗಿರುವ 14 ಅಂಕಿಗಳ ಲೈಸೆನ್ಸ್ ಸಂಖ್ಯೆ. ಅದನ್ನು ಪ್ರಾಧಿಕಾರದ ಫಾಸ್ಕಾಸ್ (FoSCoS) ಜಾಲತಾಣದಲ್ಲಿ ಹಾಕಿ, ಅಲ್ಲಿ ಕಾಣುವ ಕಂಪನಿಯ ಹೆಸರು ಡಬ್ಬಿಯ ಮೇಲಿನ ಹೆಸರಿಗೆ ತಾಳೆಯಾಗುತ್ತದೆಯೇ, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ಈ ಸಂಖ್ಯೆ ಇದ್ದ ಮಾತ್ರಕ್ಕೆ ಸರ್ಕಾರ ಆ ಪುಡಿಯನ್ನು ಪರೀಕ್ಷಿಸಿ ಒಪ್ಪಿದೆ ಎಂದು ತಿಳಿಯಬಾರದು. ತಯಾರಿಸುವವರ ವಿಳಾಸ ಸಿಕ್ಕಿತು ಎಂಬಷ್ಟೇ ಅದರ ಅರ್ಥ. ಹೆಲ್ತ್ ಸಪ್ಲಿಮೆಂಟ್ ಎಂಬ ಪದಗಳು, ಔಷಧವಾಗಿ ಬಳಸುವಂತಿಲ್ಲ ಎಂಬ ಎಚ್ಚರಿಕೆ, ದಿನದ ಪ್ರಮಾಣ ಮತ್ತು ಪ್ರತಿಯೊಂದು ಪೋಷಕಾಂಶದ ಅಳತೆ ಲೇಬಲ್ಲಿನಲ್ಲಿ ಇರಲೇಬೇಕು. ವಿದೇಶದ ಪ್ರೋಟೀನ್ ಪೌಡರ್ ಆಗಿದ್ದರೆ ಆಮದು ಮಾಡಿದವರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆಯೂ ಕಾಣಬೇಕು. ಜಿಮ್ಮಿನಲ್ಲಿ ಬಿಲ್ಲಿಲ್ಲದೆ ಅರ್ಧ ಬೆಲೆಗೆ ಸಿಗುವ ಡಬ್ಬಿಗಳಲ್ಲಿ ನಾನು ಮೊದಲು ಹುಡುಕುವುದು ಇದನ್ನೇ.

ಅಳತೆಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ, ಹೋಟೆಲಿನ ಗಲ್ಲಾ ಬಿಟ್ಟು ಮನೆಯಲ್ಲಿರುವ ಕುಂದಾಪುರ ಕಡೆಯ ಹಿರಿಯರೊಬ್ಬರು ವಾರಕ್ಕೊಂದರಂತೆ ತೆಗೆದುಕೊಳ್ಳಬೇಕಾಗಿದ್ದ ವಿಟಮಿನ್ ಡಿ ಪುಡಿಯ ಪೊಟ್ಟಣವನ್ನು ದಿನವೂ ರಾತ್ರಿ ಹಾಲಿಗೆ ಬೆರೆಸಿ ಕುಡಿಯುತ್ತಿದ್ದರು. ಬಾಯಾರಿಕೆ, ವಾಂತಿ, ಮಲಬದ್ಧತೆ ಶುರುವಾದಾಗ ವಯಸ್ಸಿನ ತೊಂದರೆ ಎಂದೇ ಎಲ್ಲರೂ ಅಂದುಕೊಂಡೆವು. ಅವರ ಅಡುಗೆಮನೆಯ ಡಬ್ಬದಲ್ಲಿ ಒತ್ತಾಗಿ ಮಡಚಿಟ್ಟ ಖಾಲಿ ಪೊಟ್ಟಣಗಳನ್ನು ನೋಡಿದಾಗಲೇ ನನಗೆ ಸಂಗತಿ ಹೊಳೆದದ್ದು. ಒಂದೊಂದರ ಮೇಲೂ 60,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಎಂದು ಅಚ್ಚಾಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕರಿಗೆ ದಿನಕ್ಕೆ ಸೂಚಿಸಿದ್ದು 600 ಐಯು. ಅಂದರೆ ಅವರು ದಿನವೂ ಅದರ ನೂರು ಪಟ್ಟು ಸೇವಿಸುತ್ತಿದ್ದರು. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗಿ ದೇಹದಲ್ಲೇ ಉಳಿಯುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿಸುತ್ತದೆ, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಪುಣ್ಯಕ್ಕೆ ಅವರ ರಕ್ತಪರೀಕ್ಷೆ ಸಕಾಲದಲ್ಲಿ ಆಯಿತು. ಮನೆಯಲ್ಲಿ ವಯಸ್ಸಾದವರಿದ್ದರೆ ಪೊಟ್ಟಣದ ಮೇಲೆ 'ಭಾನುವಾರ ಮಾತ್ರ' ಎಂದು ದಪ್ಪ ಪೆನ್ನಿನಲ್ಲಿ ನೀವೇ ಬರೆದಿಡಿ. ಎರಡು ಮೂರು ಡಬ್ಬಿಗಳಿದ್ದರೆ ಒಂದೇ ಪೋಷಕಾಂಶ ಎಲ್ಲದರಲ್ಲೂ ಇದೆಯೇ ಎಂದು ಒಟ್ಟು ಕೂಡಿಸಿ ನೋಡಿ.

ಈಗಾಗಲೇ ನುಂಗುತ್ತಿರುವ ಔಷಧದ ಜೊತೆ ಇವು ಹೊಂದುತ್ತವೆಯೇ ಎಂಬುದನ್ನೂ ಕೇಳಿಕೊಳ್ಳಬೇಕು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಗೂ ನಡುವೆ ನಾಲ್ಕು ಗಂಟೆಯ ಅಂತರವಿರಲಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ವಿಟಮಿನ್ ಕೆ ಇರುವ ಯಾವುದನ್ನೂ ವೈದ್ಯರನ್ನು ಕೇಳದೆ ಮುಟ್ಟಬಾರದು. ಕೂದಲಿಗೆಂದು ನುಂಗುವ ಬಯೋಟಿನ್ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಿಸಬಲ್ಲದು. ಆದ್ದರಿಂದ ರಕ್ತ ಕೊಡುವ ಮೊದಲು ಲ್ಯಾಬಿನವರಿಗೆ ತಿಳಿಸಿ. ಬಸುರಿಯರಿಗೆ ಹೆಚ್ಚಿನ ವಿಟಮಿನ್ ಎ ಅಪಾಯ. ಕಬ್ಬಿಣದ ಮಾತ್ರೆ ಮಗುವಿನ ಕೈಗೆ ಸಿಕ್ಕರೆ ಜೀವಕ್ಕೇ ಕುತ್ತು.

ಏನಾದರೂ ತೊಂದರೆ ಕಂಡರೆ ಸೇವನೆ ನಿಲ್ಲಿಸಿ, ಡಬ್ಬಿ ಹಿಡಿದು ವೈದ್ಯರ ಬಳಿ ಹೋಗಿ. ಡಬ್ಬಿಯನ್ನೂ ಬಿಲ್ಲನ್ನೂ ಎಸೆಯಬೇಡಿ, ಬ್ಯಾಚ್ ಸಂಖ್ಯೆಯ ಫೋಟೊ ತೆಗೆದಿಡಿ. ದೂರನ್ನು ಮಹಾರಾಷ್ಟ್ರದ ಆಹಾರ ಮತ್ತು ಔಷಧ ಆಡಳಿತಕ್ಕೆ (ಎಫ್‌ಡಿಎ) ಕೊಡಬಹುದು, ಇಲ್ಲವೇ ಎಫ್‌ಎಸ್‌ಎಸ್‌ಎಐಯ 1800112100 ಸಂಖ್ಯೆಗೆ ಕರೆ ಮಾಡಬಹುದು. ಕೊಳ್ಳುವಾಗಲೇ ಅನುಮಾನ ಬಂದರೆ ಮತ್ತೊಂದು ದಾರಿ ಇದೆ. 2006ರ ಕಾಯ್ದೆಯ 40ನೆಯ ವಿಧಿಯ ಪ್ರಕಾರ, ಪರೀಕ್ಷೆಗೆ ಕಳಿಸುವ ಉದ್ದೇಶವನ್ನು ಅಂಗಡಿಯವರಿಗೆ ಆಗಲೇ ತಿಳಿಸಿ, ಶುಲ್ಕ ಕಟ್ಟಿ, ಗ್ರಾಹಕರೇ ಆ ವಸ್ತುವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು; ಅದು ಕಾಯ್ದೆಗೆ ವಿರುದ್ಧವಾಗಿದೆ ಎಂದು ವರದಿ ಬಂದರೆ ಕಟ್ಟಿದ ಶುಲ್ಕವೂ ಮರಳಿ ಸಿಗುತ್ತದೆ.