ನಾನು ಮಿಷಿನ್ ಮುಟ್ಟೋದು ಬಿಟ್ಟೆ, ಹುಡುಗರು ಸೆಟ್ಟರ್ ಆದ್ರು – ನನ್ನ ಅನುಭವ

ಪೀಣ್ಯದಲ್ಲಿ ನಮ್ದು ಚಿಕ್ಕ ಶೆಡ್ಡು, ಆರು ಸಿಎನ್‌ಸಿ ಲೇತು (ಕಂಪ್ಯೂಟರ್ ಪ್ರೋಗ್ರಾಮಲ್ಲಿ ಲೋಹ ಕಡಿಯೋ ಮಿಷಿನ್ನು), ಎರಡು ಶಿಫ್ಟು ಸೇರಿ ಹದಿನಾಲ್ಕು ಜನ, ಪೂರ್ತಿ ಜಾಬ್ ವರ್ಕು, ಅಂದ್ರೆ ಬೇರೆ ಕಂಪನಿಗಳಿಗೆ ಪೀಸು ಮಾಡಿಕೊಡೋದು. ಎರಡು ವರ್ಷದ ಹಿಂದೆ ಈ ಹದಿನಾಲ್ಕು ಜನರಲ್ಲಿ ಸೆಟ್ಟಿಂಗ್, ಅಂದ್ರೆ ಹೊಸ ಪೀಸಿಗೆ ಟೂಲು, ಅಳತೆ ಎಲ್ಲ ಹೊಂದಿಸಿ ಮಿಷಿನ್ ರೆಡಿ ಮಾಡೋದು, ಗೊತ್ತಿದ್ದಿದ್ದು ನಂಗೆ ಮತ್ತೆ ನಮ್ಮ ಹಳೇ ಸೆಟ್ಟರ್‌ಗೆ, ಅಷ್ಟೇ. ಈಗ ಏಳು ಜನ ಮಾಡ್ತಾರೆ. ಪಕ್ಕದ ಶೆಡ್ಡಿನ ಓನರ್ರು "ಕಲಿಸಿ ಸಾರ್ ಕಲಿಸಿ, ಕಲಿತ ಮೇಲೆ ನನ್ನ ಹತ್ರಾನೇ ಬರ್ತಾನೆ" ಅಂತ ನಕ್ಕಿದ್ರು, ನಮ್ಮ ಭಾವ ಅಂತೂ "ಓನರ್ ಮಿಷಿನ್ ಹತ್ರ ನಿಂತಿಲ್ಲ ಅಂದ್ರೆ ಶೆಡ್ಡಿಗೆ ಬೀಗ ಬೀಳುತ್ತೆ ಕಣೋ" ಅಂತ ಮನೆಯವರ ಮುಂದೆನೇ ಹೇಳಿದ್ರು. ಹಾಗಾಗಿ ಹೆಂಗೆ ಆಯ್ತು, ಎಷ್ಟು ದುಡ್ಡು ಹೋಯ್ತು ಅಂತ ಬರೀಬೇಕು ಅನ್ನಿಸ್ತು.

ನಮ್ಮಂಥ ಶೆಡ್ಡಲ್ಲಿ ತಲೆನೋವು ಏನು ಅಂತ ನಿಮಗೆಲ್ಲ ಗೊತ್ತಿರೋದೇ. ಐನೂರು ಪೀಸು, ಮುನ್ನೂರು ಪೀಸು ಅಂತ ಚಿಕ್ಕ ಚಿಕ್ಕ ಬ್ಯಾಚು, ತಿಂಗಳಿಗೆ ಹತ್ರ ಹತ್ರ ನಲವತ್ತು ಸೆಟ್ಟಿಂಗು. ಒಂದೊಂದು ಸೆಟ್ಟಿಂಗ್‌ಗೆ ಎರಡೂವರೆ ಗಂಟೆ, ಅದರಲ್ಲಿ ನಿಜವಾದ ಕೆಲಸ ಒಂದು ಗಂಟೆ ಇರ್ತಿತ್ತೇನೋ, ಮಿಕ್ಕಿದ್ದೆಲ್ಲ ಸೆಟ್ಟರ್ ಇನ್ನೊಂದು ಮಿಷಿನ್‌ನಿಂದ ಬರಲಿ ಅಂತ ಕಾಯೋದು. ಗಂಟೆಗೆ 350-400 ರೂಪಾಯಿ ದುಡಿಬೇಕಾದ ಮಿಷಿನ್ನು ಸುಮ್ಮನೆ ಲೈಟ್ ಹಾಕ್ಕೊಂಡು ನಿಂತಿದ್ರೆ ಹೊಟ್ಟೆ ಉರಿಯುತ್ತೆ.

ಮೊದಲು ಮಾಡಿದ್ದು ಎಲ್ಲರೂ ಮಾಡೋದೇ, ಮೂರು ಹುಡುಗರನ್ನ ಕೋರ್ಸಿಗೆ ಕಳಿಸಿದ್ದು. ಒಬ್ಬೊಬ್ಬರಿಗೆ ಆರೇಳು ಸಾವಿರ ಫೀಸು, ಜೊತೆಗೆ ರಜೆ ದಿನದ ಸಂಬಳ. ಪ್ರೋಗ್ರಾಮ್ ಓದೋದು, ಆಫ್‌ಸೆಟ್ (ಟೂಲಿನ ಅಳತೆ ತಿದ್ದುಪಡಿ) ಹಾಕೋದು ಎಲ್ಲ ಕಲಿತು ಸರ್ಟಿಫಿಕೇಟ್ ಹಿಡ್ಕೊಂಡು ಬಂದ್ರು. ಶೆಡ್ಡಲ್ಲಿ ಏನೂ ಬದಲಾಗಲಿಲ್ಲ. ಯಾಕಂದ್ರೆ ಅವರು ಆಫ್‌ಸೆಟ್ ಪೇಜ್ ತೆಗೆಯೋ ಹೊತ್ತಿಗೆ ನಾನೋ ಹಳೇ ಸೆಟ್ಟರ್ರೋ ಹೋಗಿ ಪಕ್ಕಕ್ಕೆ ಸರಿಸಿ ಹತ್ತು ನಿಮಿಷದಲ್ಲಿ ಮುಗಿಸಿ ಬರ್ತಿದ್ವಿ, ಡಿಸ್ಪ್ಯಾಚ್ ಅರ್ಜೆಂಟು ಅಂತ. ಅಂದ್ರೆ ಬದಲಾಗಬೇಕಾದ ಅಭ್ಯಾಸ ಓನರ್ ಕಡೆದು, ಕೋರ್ಸು ಅದನ್ನ ಮುಟ್ಟೋದೇ ಇಲ್ಲ.

ಎರಡನೇ ಪ್ರಯತ್ನ ರಿಜೆಕ್ಷನ್ ಬೋನಸ್. ತಿಂಗಳ ರಿಜೆಕ್ಷನ್, ಅಂದ್ರೆ ಕೆಟ್ಟ ಪೀಸಿನ ಲೆಕ್ಕ, ಶೇಕಡಾ 2ರ ಒಳಗೆ ಬಂದ್ರೆ ತಲಾ ಒಂದು ಸಾವಿರ. ಆಗ ನಮ್ದು 4ರ ಆಸುಪಾಸಲ್ಲಿತ್ತು. ಮೊದಲ ತಿಂಗಳಲ್ಲೇ ಇಳೀತು, ಎಲ್ಲರಿಗೂ ಕೊಟ್ಟೆ, ಖುಷಿ. ಆಮೇಲೆ ಗುಜರಿಯವರು ಲೋಡ್ ಮಾಡುವಾಗ ಟರ್ನಿಂಗ್ ಸ್ಕ್ರ್ಯಾಪಿನ ಕೆಳಗಿಂದ ಪೂರ್ತಿ ಪೀಸುಗಳು ಬಂದವು, ಎರಡು ಬಕೆಟ್ಟು. ಒಂದಷ್ಟು ಕೂಲಂಟ್ ಟ್ಯಾಂಕ್ ಹಿಂದೇನೂ ಸಿಕ್ತು. ನಾನು ಕೂಗಾಡಲಿಲ್ಲ, ಬೋನಸ್ ಅವತ್ತೇ ನಿಲ್ಲಿಸಿದೆ. ತಪ್ಪಿಗೂ ದುಡ್ಡಿಗೂ ಗಂಟು ಹಾಕಿದ್ರೆ ತಪ್ಪು ಬಚ್ಚಿಟ್ಕೊಳ್ಳುತ್ತೆ, ಎಲ್ಲಾ ಶೆಡ್ಡಲ್ಲೂ ಹಿಂಗೇ ಆಗುತ್ತೆ ಅಂತ ನಾನು ಬರೆದು ಕೊಡ್ತೀನಿ.

ಮೂರನೇದು ವರ್ಕ್ ಆಗಿದ್ದು. ಕಲಿಯೋ ಹುಡುಗ ಮಿಷಿನ್ ಮುಂದೆ ಇದ್ದಾಗ ನಾನು ಪ್ಯಾನೆಲ್ ಮುಟ್ಟಲ್ಲ, ಪೀಸು ಮುಟ್ಟಬಹುದು, ಗೇಜು ಮುಟ್ಟಬಹುದು, ಪ್ಯಾನೆಲ್ ಇಲ್ಲ. "ಸಾರ್ ಟೇಪರ್ ಬರ್ತಾ ಇದೆ" (ಒಂದು ತುದಿ ದಪ್ಪ, ಒಂದು ತುದಿ ಸಣ್ಣ) ಅಂತ ಬಂದ್ರೆ ನಾನು ಕೇಳೋದು "ಏನೇನು ನೋಡ್ದೆಪ್ಪ?" ಅಷ್ಟೇ. ಎರಡು ಕಾರಣನಾದ್ರೂ ಹುಡುಕಿಕೊಂಡು ಬರಬೇಕು, ಇನ್ಸರ್ಟ್ (ಟೂಲಿನ ಕಡಿಯೋ ತುದಿ) ಸವೆದಿದೆಯಾ, ಜಾಬ್ ಜಾಸ್ತಿ ಹೊರಗೆ ಚಾಚಿದೆಯಾ, ಜಾಬಿನ ಇನ್ನೊಂದು ತುದಿಗೆ ಆಸರೆ ಕೊಡೋ ಟೇಲ್‌ಸ್ಟಾಕ್ ಪ್ರೆಶರ್ ಎಷ್ಟಿದೆ. ಬರಿಗೈಯಲ್ಲಿ ಬಂದ್ರೆ ವಾಪಸ್. ಮೊದಲ ಒಂದೆರಡು ತಿಂಗಳು ಇದು ನರಕ, ಉತ್ತರ ನಾಲಿಗೆ ತುದಿಯಲ್ಲಿ ಇಟ್ಕೊಂಡು ಸುಮ್ಮನಿರಬೇಕು.

ಒಂದು ಸಲದ್ದು ಹೇಳ್ಲೇಬೇಕು. ತೆಳು ಬುಷ್ಷು, 32 ಎಚ್7 ಬೋರು (ಒಳಗಿನ ತೂತು 32 ಎಂಎಂ, ಮೈಕ್ರಾನ್ ಲೆಕ್ಕದ ಬಿಗಿ ಅಳತೆ), ಗೋಡೆ ಮೂರು ಎಂಎಂ ಇರಬೇಕು. ರಾಯಚೂರು ಕಡೆಯ ಐಟಿಐ ಹುಡುಗ ಸೆಟ್ ಮಾಡ್ತಿದ್ದ. ಬೋರ್ ಡಯಲ್ ಗೇಜ್ ಹಾಕಿದ್ರೆ ಎಲ್ಲಾ ಕಡೆ ಸೈಜ್ ಕರೆಕ್ಟು, ಹತ್ತು ಹನ್ನೆರಡು ಮೈಕ್ರಾನ್ ಪ್ಲಸ್ಸಲ್ಲಿ, ಆದ್ರೆ ಜಾಬ್ ಕಚ್ಚಿ ಹಿಡಿಯೋ ಚಕ್‌ನಿಂದ ಬಿಚ್ಚಿ ಪ್ಲಗ್ ಗೇಜ್ ಹಾಕಿದ್ರೆ ಗೋ ಸೈಡೇ, ಅಂದ್ರೆ ಒಳಗೆ ಹೋಗಲೇಬೇಕಾದ ತುದಿನೇ, ಹೋಗಲ್ಲ. ನಂಗೆ ನೋಡಿದ ತಕ್ಷಣ ಗೊತ್ತಾಯ್ತು ಚಕ್ಕಿನ ಮೂರು ಜಾ (ಹಿಡಿಯೋ ದವಡೆ) ಒತ್ತಿ ಮೂರು ಮೂಲೆ ಮಾಡಿದೆ ಅಂತ, ಎರಡು ಪಾಯಿಂಟಿನ ಗೇಜಿಗೆ ಅದು ಸಿಗಲ್ಲ. ಹೊರಗೆ ಕಸ್ಟಮರ್ ಕಡೆ ಟೆಂಪೋ ನಿಂತಿದೆ, ಡ್ರೈವರ್ ಎರಡು ಸಲ ಬಂದು ಇಣುಕಿ ಹೋದ. ನಾನು ಕೈ ಕಟ್ಕೊಂಡು ನಿಂತೆ. ಹುಡುಗ ಆಫ್‌ಸೆಟ್ ಏರಿಸಿದ, ಗೇಜಲ್ಲಿ ಓವರ್ ಸೈಜ್ ಬಂತು, ಇಳಿಸಿದ, ಇನ್ಸರ್ಟ್ ಬದಲಾಯಿಸಿದ, ಆರು ಪೀಸು ಹೋಯ್ತು. ಆಮೇಲೆ ಏನು ಹೊಳೀತೋ, ಪ್ಲಗ್ ಗೇಜ್ ಮೇಲೆ ಮಾರ್ಕರ್ ಬಳಿದು ಬುಷ್ಷಿಗೆ ಒತ್ತಿ ತೆಗೆದು ನೋಡಿದ, ಇಂಕು ಮೂರು ಜಾಗದಲ್ಲಿ ಉಜ್ಜಿತ್ತು. ಬುಷ್ಷನ್ನ ಚಕ್ ಹತ್ರ ಹಿಡಿದು ಜಾಗಳಿಗೆ ತಾಳೆ ನೋಡಿದ, ನನ್ನ ಕಡೆ ತಿರುಗಿ "ಸಾರ್, ಜಾ ಹಿಡಿದ ಜಾಗಕ್ಕೂ ಇದಕ್ಕೂ ಲೆಕ್ಕ ಇದೆ" ಅಂದ. ಚಕ್ ಪ್ರೆಶರ್ ಇಳಿಸಿ, ಅದೇ ಪ್ರೆಶರ್‌ನಲ್ಲಿ ಸಾಫ್ಟ್ ಜಾ (ಬೇಕಾದ ಆಕಾರಕ್ಕೆ ಕಡಿಯಬಹುದಾದ ಮೆದು ಜಾ) ಜಾಬಿನ ಸೈಜಿಗೆ ಬೋರ್ ಮಾಡ್ಕೊಂಡು ಸುತ್ತಲೂ ತಬ್ಬಿ ಹಿಡಿಯೋ ಹಾಗೆ ಮಾಡಿದ. ಒಟ್ಟು ಮೂರು ಗಂಟೆ ಹಿಡೀತು, ಟೆಂಪೋ ಖಾಲಿ ಹೋಯ್ತು, ಕಸ್ಟಮರ್ ಹತ್ರ ಮಾತು ಕೇಳಿದೆ. ಆದ್ರೆ ಆ ಹುಡುಗನಿಗೆ ತೆಳು ಜಾಬ್ ವಿಷಯದಲ್ಲಿ ಆಮೇಲೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ, ಈಗ ಬೇರೆಯವರು ಅವನನ್ನ ಕೇಳ್ತಾರೆ.

ಹೋದ ಆರು ಪೀಸಿಗೆ, ಮೆಟೀರಿಯಲ್ಲು ಕೆಲಸ ಸೇರಿ, ಎಂಟುನೂರು ಚಿಲ್ಲರೆ ಆಗಿರಬಹುದು. ಅದನ್ನ ಎಲ್ಲಿಂದ ತರೋದು? ಇದಕ್ಕೆ ನಾನು ಕಲಿಕೆ ಖಾತೆ ಅಂತ ಮಾಡಿದ್ದೆ. ಕಲಿಯೋ ಒಬ್ಬೊಬ್ಬನಿಗೆ ತಿಂಗಳಿಗೆ ಎರಡು ಸಾವಿರ ರೂಪಾಯಿವರೆಗೆ ಪೀಸು ಕೆಡಿಸೋ ಹಕ್ಕು, ಬೋರ್ಡಲ್ಲಿ ಹೆಸರಿನ ಮುಂದೆ ಬರೆಯೋದು, ಕೆಟ್ಟ ಪೀಸು ಮೇಜಿನ ಮೇಲೆ ಇಡಬೇಕು, ಒಂದು ಮಾತು ಬೈಗುಳ ಇಲ್ಲ. ಅದು ಮೀರಿದ್ರೆ ಹಳೇ ಸೆಟ್ಟರ್ ಪಕ್ಕ ನಿಲ್ತಾರೆ, ಸಂಬಳ ಕಟ್ ಆಗಲ್ಲ. ಐದಾರು ಜನ ಕಲಿಯುವಾಗ ತಿಂಗಳಿಗೆ ಹತ್ತು ಹನ್ನೆರಡು ಸಾವಿರ ಇದಕ್ಕೇ ಹೋಗ್ತಿತ್ತು. ಗುಜರಿ ಕೆಳಗೆ ಅಡಗಿಸೋದು ಅಲ್ಲಿಗೆ ನಿಂತಿತು.

ದೊಡ್ಡ ಅಡ್ಡಿ ಬಂದಿದ್ದು ಹಳೇ ಸೆಟ್ಟರ್ ಕಡೆಯಿಂದ. ಅವರನ್ನ ನಾವೆಲ್ಲ ಅಣ್ಣ ಅಂತೀವಿ, ಇಪ್ಪತ್ತು ವರ್ಷದ ಕೈ, ಕಟ್ಟಿಂಗ್ ಸೌಂಡ್ ಕೇಳಿನೇ ಇನ್ಸರ್ಟ್ ಹೋಗಿದೆ ಅಂತಾರೆ. ಎಲ್ಲರೂ ಸೆಟ್ಟರ್ ಆದ್ರೆ ನನಗೇನು ಬೆಲೆ ಅಂತ ಅವರಿಗೆ ಅನ್ನಿಸೋದು ನ್ಯಾಯವೇ. ಹೇಳಿಕೊಡ್ತಿದ್ರು, ಆದ್ರೆ ಮುಖ್ಯವಾದ್ದು ಒಂದು ಬಿಟ್ಟು ಹೇಳ್ತಿದ್ರು. ನಾನು ಟೀ ಅಂಗಡಿಗೆ ಕರ್ಕೊಂಡು ಹೋಗಿ ನೇರವಾಗಿ ಮಾತಾಡಿದೆ, "ಅಣ್ಣ, ನೀವು ತಯಾರು ಮಾಡಿದ ಹುಡುಗ ಒಬ್ಬನೇ ಮೂರು ಬೇರೆ ಬೇರೆ ಜಾಬ್ ಸೆಟ್ ಮಾಡಿದ್ರೆ ನಿಮಗೆ ಮೂರು ಸಾವಿರ, ಜೊತೆಗೆ ಹೊಸ ಐಟಂ ಬಂದ್ರೆ ರೇಟ್ ಹಾಕೋಕೆ ನನ್ನ ಪಕ್ಕ ನೀವು ಕೂರಬೇಕು." ದುಡ್ಡಿಗಿಂತ ಆ ಎರಡನೇದು ಕೆಲಸ ಮಾಡ್ತು. ಡ್ರಾಯಿಂಗ್ ನೋಡಿ ಒಂದು ಪೀಸಿಗೆ ಹಿಡಿಯೋ ಸೈಕಲ್ ಟೈಮ್ ಅವರು ಹೇಳೋದು ನನ್ನ ಲೆಕ್ಕಕ್ಕಿಂತ ಕರೆಕ್ಟಾಗಿ ಬರುತ್ತೆ.

ಕಲಿಸೋ ಕ್ರಮ ನಮ್ದೇನೂ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಫ್ಯಾಕ್ಟರಿಗಳಲ್ಲಿ ಹೊಸಬರನ್ನ ಬೇಗ ತಯಾರು ಮಾಡೋಕೆ ಟಿಡಬ್ಲ್ಯೂಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ) ಅಂತ ಮಾಡಿದ್ರು, ಯುದ್ಧ ಆದ್ಮೇಲೆ ಅದು ಜಪಾನಿಗೆ ಹೋಗಿ ಟೊಯೋಟಾದವರೂ ಹಿಡ್ಕೊಂಡ್ರು. ನಾಲ್ಕೇ ಹಂತ, ತಯಾರು ಮಾಡು, ತೋರಿಸು, ಮಾಡಿಸು, ಆಮೇಲೆ ಬಿಟ್ಟು ಗಮನಿಸು. ನಾನು ಇದಕ್ಕೆ ಸೇರಿಸಿದ್ದು ಒಂದು, ಹುಡುಗ ಮಾಡುವಾಗ ಏನು ಮಾಡ್ತಿದೀನಿ, ಯಾಕೆ ಮಾಡ್ತಿದೀನಿ ಅಂತ ಬಾಯಿಬಿಟ್ಟು ಹೇಳ್ತಾ ಹೋಗಬೇಕು. ಬಾಯಲ್ಲಿ ತಡವರಿಸಿದ ಕಡೆನೇ ಕೈಯೂ ತಡವರಿಸುತ್ತೆ.

ಬೆಳಗಿನ ಮೀಟಿಂಗು ಮೂರು ರೂಪ ಬದಲಾಯಿಸಿತು. ಮೊದಲು ನಾನೊಬ್ಬನೇ ಮಾತಾಡ್ತಿದ್ದೆ, ಎಲ್ಲರೂ ಗಡಿಯಾರ ನೋಡೋರು. ಆಮೇಲೆ ಎಲ್ಲರೂ ಒಂದೊಂದು ಮಾತು ಹೇಳಿ ಅಂದೆ, ಎಲ್ಲರೂ "ಏನಿಲ್ಲ ಸಾರ್" ಅಂದ್ರು. ಈಗ ಇರೋದು ಶಿಫ್ಟ್ ಬದಲಾಗೋ ಹೊತ್ತಲ್ಲಿ ಕಾಲು ಗಂಟೆ, ಎರಡೂ ಶಿಫ್ಟಿನವರು ಇರ್ತಾರೆ, ಹೋಗೋ ಶಿಫ್ಟಿನವನು ಒಂದು ಕೆಟ್ಟ ಪೀಸು ಹಿಡ್ಕೊಂಡು ಬಂದು ಏನಾಯ್ತು ಅಂತ ಹೇಳ್ತಾನೆ, ನಾನು ಕೊನೇಲಿ ಮಾತ್ರ ಮಾತಾಡ್ತೀನಿ. ಆ ಕಾಲು ಗಂಟೆಗೆ ಸಂಬಳ ಲೆಕ್ಕ ಹಾಕಿ ಕೊಡ್ತೀನಿ, ತಿಂಗಳಿಗೆ ಏಳೆಂಟು ಸಾವಿರ ಬೀಳುತ್ತೆ. ಪುಕ್ಕಟೆ ನಿಲ್ಲಿಸಿಕೊಂಡು ಮೀಟಿಂಗ್ ಮಾಡೋರಿಗೆ ಇದು ಆಗಲ್ಲ, ಅವರು ಟ್ರೈ ಮಾಡೋದೇ ಬೇಡ.

ಮಧ್ಯೆ ಇನ್ನೂ ಏನೇನೋ ಮಾಡಿದ್ವಿ. ಸಲಹೆ ಪೆಟ್ಟಿಗೆ ಇಟ್ವಿ, ಬರೀ ಕ್ಯಾಂಟೀನ್ ಕಂಪ್ಲೇಂಟ್ ಬಂತು, ತೆಗೆದ್ವಿ. ಸೆಟ್ಟಿಂಗ್ ಶೀಟ್ ಬರೆಯೋ ಬದಲು ಫೋನಲ್ಲಿ ವಿಡಿಯೋ ಮಾಡಿಸಿದೆ, ಟರೆಟ್‌ನಲ್ಲಿ ಟೂಲ್ ಕೂತಿರೋದು, ಜಾ, ಫಸ್ಟ್ ಪೀಸ್ ಅಳತೆ, ಎರಡು ನಿಮಿಷ, ಅದೇ ಜಾಬ್ ಮತ್ತೆ ಬಂದಾಗ ಭಾರೀ ಉಪಯೋಗ. ಒಡಿಶಾದ ಹುಡುಗರು ಇಬ್ಬರಿದ್ದಾರೆ, ಅವರ ವಿಡಿಯೋ ಹಿಂದಿಯಲ್ಲಿ, ನಮ್ಮವರದ್ದು ಕನ್ನಡದಲ್ಲಿ, ಈಗ ಒಬ್ಬರದ್ದು ಒಬ್ಬರಿಗೆ ಅರ್ಥ ಆಗುತ್ತೆ. ಒಬ್ಬೊಬ್ಬರನ್ನೇ ಕ್ಯಾಬಿನ್ನಿಗೆ ಕರೆದು ಮಾತಾಡಿಸೋಕೆ ಹೋದೆ, ಕೆಲಸದಿಂದ ತೆಗೀತಾರೆ ಅಂತ ಹೆದರಿಕೊಂಡ್ರು, ಅದಕ್ಕೇ ಟೀ ಅಂಗಡಿ. ಅಲ್ಲೇ ಗೊತ್ತಾಗಿದ್ದು ಒಬ್ಬನಿಗೆ ಪ್ರೋಗ್ರಾಮಿಂಗ್ ಹುಚ್ಚು ಇದೆ ಅಂತ, ಇನ್ನೊಬ್ಬ ಊರ ಜಾತ್ರೆಗೆ ರಜೆ ಸಿಗಲ್ಲ ಅನ್ನೋ ಒಂದೇ ಕಾರಣಕ್ಕೆ ಬಿಡೋಕೆ ನೋಡ್ತಿದ್ದ ಅಂತ. ಜಾತ್ರೆ ರಜೆ ಈಗ ಯುಗಾದಿ ಹೊತ್ತಿಗೇ ಬರೆದು ಗೋಡೆಗೆ ಹಚ್ಚುತ್ತೀವಿ.

ಕಲಿತವರು ಓಡಿ ಹೋಗಲಿಲ್ವಾ ಅಂದ್ರೆ, ಹೋದ್ರು, ಇಬ್ಬರು, ಎರಡು ಮೂರು ಸಾವಿರ ಜಾಸ್ತಿಗೆ. ನನಗೆ ಬೇಜಾರಾಯ್ತು, ತಡೀಲಿಲ್ಲ. ಅವರಲ್ಲಿ ಒಬ್ಬ ಆಮೇಲೆ ತಮ್ಮ ಊರಿನ ಹುಡುಗನ್ನ ನಮ್ಮ ಹತ್ರಾನೇ ಸೇರಿಸಿದ. ಉಳಿದವರು ಉಳಿಯೋಕೆ ಕಾರಣ ಗೋಡೆ ಮೇಲಿನ ಚಾರ್ಟು, ಯಾರಿಗೆ ಯಾವ ಕೆಲಸ ಬರುತ್ತೆ ಅಂತ ಚೌಕ, ಒಂದು ಚೌಕ ತುಂಬಿದ್ರೆ ಮುಂದಿನ ತಿಂಗಳಿಂದಲೇ ಏಳುನೂರು ಎಂಟುನೂರು ಸಂಬಳಕ್ಕೆ ಸೇರುತ್ತೆ, ವರ್ಷದ ಇನ್‌ಕ್ರಿಮೆಂಟಿಗೆ ಕಾಯೋದು ಇಲ್ಲ. ಚೌಕ ತುಂಬಿದೆ ಅಂತ ಯಾರು ಹೇಳಬೇಕು, ಯಾವ ಪೀಸು ಕೊಟ್ಟು ಪರೀಕ್ಷೆ ಮಾಡಬೇಕು ಅನ್ನೋದು ಮಾತ್ರ ನಾನು ಇಲ್ಲಿ ಹೇಳಲ್ಲ, ಅದು ಕೂತು ಕೂತು ಕಂಡ್ಕೊಂಡಿದ್ದು. ಹೊಸಬರನ್ನ ತಗೊಳ್ಳುವಾಗ ಕೇಳೋ ಒಂದು ಪ್ರಶ್ನೆನೂ ಅಷ್ಟೇ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು ಹೇಳ್ತೀನಿ. ಮೊದಲ ಆರು ತಿಂಗಳಲ್ಲಿ ಕೋರ್ಸು, ಕೆಟ್ಟ ಪೀಸು, ಮೀಟಿಂಗ್ ಸಂಬಳ, ಅಣ್ಣನಿಗೆ ಕೊಟ್ಟಿದ್ದು, ತಡವಾಗಿದ್ದಕ್ಕೆ ಕಸ್ಟಮರ್ ಹಾಕಿದ ಡೆಬಿಟ್ ನೋಟು ಎಲ್ಲಾ ಸೇರಿ ಪೌಣೆ ಎರಡು ಲಕ್ಷದ ಹತ್ರ ಹೋಯ್ತು. ಆಗ ಮನೇಲಿ ಹೇಳೋಕೂ ಧೈರ್ಯ ಬೇಕಿತ್ತು, ಯಾಕಂದ್ರೆ ಬ್ಯಾಂಕ್ ಕಂತು ನಿಲ್ಲಲ್ಲ. ತಿರುಗಿದ್ದು ಎಂಟನೇ ತಿಂಗಳೋ ಒಂಬತ್ತನೇದೋ. ಈಗ ಒಂದು ಸೆಟ್ಟಿಂಗು ಗಂಟೆ ಒಳಗೆ ಮುಗಿಯುತ್ತೆ, ಅಲ್ಲಿಂದಲೇ ತಿಂಗಳಿಗೆ ಅರವತ್ತು ಗಂಟೆ ಮಿಷಿನ್ ಟೈಮ್ ಸಿಗ್ತಿದೆ, ಅಂದಾಜು ಇಪ್ಪತ್ತೆರಡು ಸಾವಿರ. ರಿಜೆಕ್ಷನ್ ಶೇಕಡಾ ಒಂದು, ಒಂದೂಕಾಲು, ಇದು ಅಡಗಿಸದೇ ಇರೋ ನಿಜವಾದ ಲೆಕ್ಕ, ಅಲ್ಲೂ ಇಪ್ಪತ್ತು ಸಾವಿರ ಉಳಿಯುತ್ತೆ. ಜಾಸ್ತಿ ಮಾಡಿದ ಸಂಬಳ ಕಳೆದರೂ ಕೈಗೆ ಚೆನ್ನಾಗೇ ಮಿಗುತ್ತೆ. ಹೋದ ಬೇಸಿಗೆಯಲ್ಲಿ ತಂಗಿ ಮಗಳ ಮದುವೆಗೆ ಅಂತ ವಾರ ಪೂರ್ತಿ ಶಿರಸಿಯಲ್ಲಿದ್ದೆ, ಶೆಡ್ಡಿಂದ ಬಂದ ಫೋನು ಹೆಚ್ಚೆಂದರೆ ಮೂರು, ಅದರಲ್ಲಿ ಒಂದು ಡಿಸಿ (ಡೆಲಿವರಿ ಚಲನ್) ಬುಕ್ ಎಲ್ಲಿದೆ ಅಂತ.

ಭಾವ ಬಂದಿದ್ರು ಆಯುಧ ಪೂಜೆಗೆ, ಶೆಡ್ಡೆಲ್ಲ ಸುತ್ತಿ ಚಾರ್ಟ್ ಮುಂದೆ ತುಂಬಾ ಹೊತ್ತು ನಿಂತ್ರು, ಆಮೇಲೆ ವಿಎಂಸಿ (ಮಿಲ್ಲಿಂಗ್ ಮಾಡೋ ಸಿಎನ್‌ಸಿ ಮಿಷಿನ್ನು) ತಗೊಳ್ಳೋಕೆ ಮಾರ್ಜಿನ್ ಮನಿ (ಬ್ಯಾಂಕ್ ಸಾಲದ ಜೊತೆ ನಾವು ಹಾಕಬೇಕಾದ ದುಡ್ಡು) ನಾನು ಕೊಡ್ತೀನಿ ಅಂದ್ರು. ಮಿಷಿನ್ ಬುಕ್ ಆಗಿದೆ. ನಮ್ಮಲ್ಲಿ ಯಾರೂ ಮಿಲ್ಲಿಂಗ್ ಮಾಡಿದವರಲ್ಲ, ಪ್ರೋಗ್ರಾಮಿಂಗ್ ಹುಚ್ಚಿನ ಹುಡುಗ ಈಗಾಗಲೇ ಫೋನಲ್ಲಿ ಸಿಮ್ಯುಲೇಟರ್ ಹಾಕ್ಕೊಂಡು ಶುರು ಮಾಡಿದ್ದಾನೆ, ಅವನ ಕಲಿಕೆ ಖಾತೆಗೆ ಈ ಸಲ ನಾಲ್ಕು ಸಾವಿರ ಬರೆದಿದ್ದೀನಿ.