ಊರಿನ ಕಬಡ್ಡಿ ಲೀಗ್‌ಗೆ ಅಜ್ಜನೂ ಬರ್ಬೇಕು, ಮೊಮ್ಮಗಳೂ ಬರ್ಬೇಕು ಅಂದ್ರೆ ಏನ್ಮಾಡ್ಬೇಕು

"ಪ್ರೊ ಕಬಡ್ಡಿ ಮಾದರಿಯ ಹೊನಲು ಬೆಳಕಿನ ಪಂದ್ಯಾಟ" ಅಂತ ಫ್ಲೆಕ್ಸ್ ಹಾಕ್ಸೋದು ಸುಲಭ. ಆ ಮಾದರಿ ಅಂದ್ರೆ ಡಿಜೆ, ಲೈಟು, ಪಟಾಕಿ ಅಂದ್ಕೊಂಡವ್ರೇ ಜಾಸ್ತಿ. 2014ರಲ್ಲಿ ಎಂಟು ತಂಡ ಇಟ್ಕೊಂಡು ಶುರುವಾದ ಪ್ರೊ ಕಬಡ್ಡಿ ಜನನ ಹಿಡಿದಿಟ್ಟಿದ್ದು, ನನ್ನ ಪ್ರಕಾರ, ಖಾಲಿ ಟೈಮ್ ಕಮ್ಮಿ ಮಾಡಿ. ರೈಡ್‌ಗೆ (ಎದುರಾಳಿ ಅಂಕಣಕ್ಕೆ ನುಗ್ಗೋದಕ್ಕೆ) 30 ಸೆಕೆಂಡ್, ಸಾಲಾಗಿ ಎರಡು ರೈಡ್ ಪಾಯಿಂಟ್ ಇಲ್ದೆ ಹೋದ್ರೆ ಮೂರನೇದು ಡು ಆರ್ ಡೈ, ಅಂದ್ರೆ ಪಾಯಿಂಟ್ ತರ್ಲೇಬೇಕು, ಇಲ್ದಿದ್ರೆ ರೈಡರ್ ಔಟ್, ಅಂಕಣದಲ್ಲಿ ಮೂರೋ ಅದಕ್ಕಿಂತ ಕಮ್ಮಿನೋ ಜನ ಉಳಿದಾಗ ರೈಡರ್‌ನ ಹಿಡಿದ್ರೆ ಸೂಪರ್ ಟ್ಯಾಕಲ್, ಒಂದು ಪಾಯಿಂಟ್ ಎಕ್ಸ್ಟ್ರಾ. ಇಷ್ಟಕ್ಕೆ ಒಂದು ದೊಡ್ಡ ಗಡಿಯಾರ, ಎಲ್ಲರಿಗೂ ಕಾಣೋ ಸ್ಕೋರ್ ಬೋರ್ಡ್ ಸಾಕು.

ಹಾಗಾಗಿ ಮೊದ್ಲು ಟೈಮ್ ಟೇಬಲ್ ಸರಿ ಮಾಡ್ಕೊಳಿ. ಆರು ಗಂಟೆ ಅಂತ ಹಾಕಿ ಒಂಬತ್ತಕ್ಕೆ ಶುರು ಮಾಡಿದ್ರೆ ವಯಸ್ಸಾದವ್ರು ಮಾತ್ರೆ ತಗೊಂಡು ಮಲಗೋ ಹೊತ್ತು ಆಗಿರತ್ತೆ, ಮಕ್ಕಳಿಗೆ ಬೆಳಿಗ್ಗೆ ಸ್ಕೂಲು, ಕೊನೆಗೆ ಫೈನಲ್ ನೋಡೋಕೆ ಉಳಿಯೋದು ಆಡೋರ ಫ್ರೆಂಡ್ಸ್ ಮಾತ್ರ. ಸಭಾ ಕಾರ್ಯಕ್ರಮನ ಮಧ್ಯದಲ್ಲಿ ತುರುಕ್ಬೇಡಿ (ಬೇಜಾರಾಗೋದು ಗಣ್ಯರಿಗೆ ಮಾತ್ರ). ಆಟಗಾರರ ತೂಕ ನೋಡೋದನ್ನೆಲ್ಲ ಮಧ್ಯಾಹ್ನನೇ ಮುಗಿಸಿ. ಎರಡು ಮ್ಯಾಚ್ ನಡುವೆ ತಂಡಗಳು ವಾರ್ಮ್ ಅಪ್ ಮಾಡೋವಾಗ ಮ್ಯಾಟ್ ಸುಮ್ನೆ ಬಿದ್ದಿರತ್ತಲ್ಲ, ಆಗ ಸ್ಕೂಲ್ ಮಕ್ಕಳಿಗೆ ಐದೈದು ನಿಮಿಷದ ಆಟ ಇಡಿ, ಅದೇ ಮ್ಯಾಟ್, ಅದೇ ಮೈಕ್, ಅದೇ ಅಂಪೈರ್. ಒಂದು ಮಗು ಆಡತ್ತೆ ಅಂದ್ರೆ ಅಪ್ಪ ಅಮ್ಮ ಅಜ್ಜಿ ಎಲ್ಲ ಬಂದೇ ಬರ್ತಾರೆ.

ಇನ್ನು ತಂಡ ಕಟ್ಟೋದು, ಎಡವಟ್ಟಾಗೋದು ಇಲ್ಲೇ. ಹಳಬರು ಊರಿನ ಹೆಸರು ಹಿಡ್ಕೊಂಡು ಕೂಗ್ತಾರೆ, ಹುಡುಗ್ರು ಆಟಗಾರನ್ನ ಫಾಲೋ ಮಾಡ್ತಾರೆ. 2019ರ ಜನವರಿಲಿ ಗುಜರಾತ್ ವಿರುದ್ಧ ಪ್ರೊ ಕಬಡ್ಡಿ ಫೈನಲ್‌ನಲ್ಲಿ ರೈಡರ್ ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್ ತಂದು ಬೆಂಗಳೂರು ಬುಲ್ಸ್‌ನ ಗೆಲ್ಲಿಸಿದ. 2022ರ ಆಟಗಾರರ ಹರಾಜಲ್ಲಿ ಅದೇ ಪವನ್ 2.26 ಕೋಟಿಗೆ ತಮಿಳ್ ತಲೈವಾಸ್ ಪಾಲಾದ. ಹುಡುಗ್ರು ಅವನ ಹಿಂದೆ ಹೋದ್ರು ಅಂತಾನೇ ಇಟ್ಕೊಳಿ, ಅಪ್ಪಂದಿರು ಬುಲ್ಸ್ ಬಿಟ್ಟು ಎಲ್ಲಿಗೆ ಹೋಗ್ತಾರೆ? ನಿಮ್ಮ ಲೀಗ್‌ನಲ್ಲೂ ಪ್ರತಿ ವರ್ಷ ಎಲ್ಲರನ್ನೂ ಹರಾಜಿಗೆ ಹಾಕಿದ್ರೆ ಊರಿನ ಸಂಬಂಧನೇ ಕಡಿದುಹೋಗತ್ತೆ, ಯಾರನ್ನೂ ಹಾಕ್ದೇ ಇದ್ರೆ ಗೆಲ್ಲೋ ತಂಡನೇ ಗೆಲ್ತಾ ಇರತ್ತೆ. ಅದ್ಕೆ ತಂಡಕ್ಕೆ ಊರಿನ ಹೆಸರೇ ಇರ್ಲಿ, ಓನರ್ ಅಂಗಡಿ ಹೆಸರು ಜೆರ್ಸಿ ಬೆನ್ನಿಗೆ ಹೋಗ್ಲಿ, ಏಳು ಜನದಲ್ಲಿ ಇಬ್ಬರಾದ್ರೂ ಆ ಊರವ್ರೇ ಆಗಿರ್ಬೇಕು, ಆ ಇಬ್ರನ್ನ ಹರಾಜಿಗೆ ತರೋ ಹಾಗಿಲ್ಲ ಅಂತ ರೂಲ್ ಮಾಡಿ. ಉಳಿದವ್ರನ್ನ ಎಲ್ಲಿಂದ ಬೇಕಾದ್ರೂ ತಗೊಳ್ಲಿ.

ಸೌಂಡ್ ವಿಷ್ಯ. ರೈಡ್ ನಡೀವಾಗ ಮ್ಯೂಸಿಕ್ ಬಂದ್ ಮಾಡಿಸಿ. ಮಣ್ಣಲ್ಲಿ ಆಡಿದವ್ರಿಗೆ ರೈಡರ್ ಬಾಯಲ್ಲಿ "ಕಬಡ್ಡಿ ಕಬಡ್ಡಿ" ಕೇಳಿಸ್ದೇ ಇದ್ರೆ ಅದು ಆಟನೇ ಅಲ್ಲ. ರೈಡರ್ ಬೋನಸ್ ಲೈನ್ (ದಾಟಿದ್ರೆ ಎಕ್ಸ್ಟ್ರಾ ಪಾಯಿಂಟ್ ಸಿಗೋ ಗೆರೆ) ಕಡೆ ಕಾಲು ಚಾಚ್ತಾನೆ, ಕಾರ್ನರ್‌ನಲ್ಲಿ ಹಿಡಿಯೋಕೆ ನಿಂತವ್ನು ಮಂಡಿ ಬಗ್ಗಿಸಿ ಪಾದಕ್ಕೆ ಕೈ ಹಾಕ್ತಾನೆ, ಆ ಹೊತ್ತಲ್ಲಿ ಡಿಜೆ ಯಾರಿಗೆ ಬೇಕು ಹೇಳಿ. ಹಿಡಿದು ಬಿದ್ದ ಮೇಲೆ ಬೇಕಾದಷ್ಟು ಬಾರಿಸ್ಲಿ. ಕಾಮೆಂಟರಿ ನಿಮ್ಮೂರ ಮಾತಲ್ಲೇ ಇರ್ಲಿ, ಡು ಆರ್ ಡೈ ಅಂದ್ರೇನು ಅಂತ ಒಂದೆರಡು ಸಲ ಬಿಡಿಸಿ ಹೇಳಿ, ಹಳಬರಿಗೆ ಆಟ ಗೊತ್ತು, ಈ ಹೊಸ ರೂಲ್ ಮಾತ್ರ ಗೊತ್ತಿರಲ್ಲ.

ಹೆಣ್ಮಕ್ಕಳ ಮ್ಯಾಚ್‌ನ ಮಧ್ಯಾಹ್ನದ ಬಿಸಿಲಿಗೆ ತಳ್ಬೇಡಿ, ಸೆಮಿಫೈನಲ್‌ಗಳ ಮಧ್ಯೆ ಇಡಿ. 2016ರ ವುಮೆನ್ಸ್ ಕಬಡ್ಡಿ ಚಾಲೆಂಜ್ ಫೈನಲ್‌ನಲ್ಲಿ ಎರಡೂ ತಂಡಕ್ಕೆ ಕ್ಯಾಪ್ಟನ್ ನಮ್ಮ ಕರ್ನಾಟಕದವ್ರೇ, ಒಂದು ಕಡೆ ತೇಜಸ್ವಿನಿ ಬಾಯಿ, ಇನ್ನೊಂದು ಕಡೆ ಮಮತಾ ಪೂಜಾರಿ, ಮುಗಿದಿದ್ದು 24-23ಕ್ಕೆ. ಅಂಥ ಮ್ಯಾಚ್‌ನ ಯಾರೂ ಇಲ್ದಿರೋ ಹೊತ್ತಲ್ಲಿ ಆಡ್ಸೋದು ಯಾವ ಲೆಕ್ಕ?

ಯೂಟ್ಯೂಬ್ ಲೈವ್ ಇಡಿ, ಮುಂಬೈ ದುಬೈಲಿರೋ ಊರವ್ರು ನೋಡ್ತಾರೆ, ದುಡ್ಡೂ ಹಾಕ್ತಾರೆ. ರೀಲ್ಸ್‌ಗೆ ಒಬ್ಬ ಹುಡುಗನ್ನ ಎಂಡ್ ಲೈನ್ ಹಿಂದೆ ನಿಲ್ಸಿ, ಹಿಡಿತ ಅಲ್ಲಿಂದನೇ ಚೆನ್ನಾಗಿ ಕಾಣೋದು. ಗ್ಯಾಲರಿ ಹತ್ತಕ್ಕಾಗ್ದವ್ರಿಗೆ ನೆಲದಲ್ಲೇ ಮುಂದಿನ ಸಾಲು ಕೊಡಿ, ವಿಐಪಿ ಸೋಫಾ ಹೇಗೂ ಅರ್ಧ ರಾತ್ರಿ ಖಾಲಿ ಇರತ್ತೆ. ಬಜೆಟ್ ಸಾಲ್ದಿದ್ರೆ ಮೊದ್ಲು ಪಟಾಕಿ ಖರ್ಚು ಕೈಬಿಡಿ, ಆಮೇಲೆ ಡಿಜೆ, ಆಮೇಲೆ ಟ್ರೋಫಿ ಎತ್ತರ ಕಮ್ಮಿ ಮಾಡಿ. ಮ್ಯಾಟ್, ಶೌಚಾಲಯ, ಆಂಬುಲೆನ್ಸ್ ಮೂರಕ್ಕೂ ಕೈ ಹಾಕ್ಬೇಡಿ.